ಒಣಗಾಳಿಯ ಊರಿನಲ್ಲಿ ರಟ್ಟು ಕಟ್ಟುವ ಬಗೆ

ಅಮ್ಮನ ಅಡುಗೆ ಬರಹದ ನೋಟುಪುಸ್ತಕಗಳು ಮೂರಿದ್ದವು. ಒಂದು ಮಳೆಗಾಲದ ಆಟಿ ತಿಂಗಳ ರಜೆಯಲ್ಲಿ ಅವನ್ನು ಒಟ್ಟುಗೂಡಿಸಿ, ಊರಿನ ಪ್ರೆಸ್ಸೊಂದರಲ್ಲಿ ರಟ್ಟು ಹಾಕಿಸಿ, ಸೂಟ್‌ಕೇಸಿನ ತಳದಲ್ಲಿಟ್ಟು ಸೌದಿಯ ಉನೈಜಾಕ್ಕೆ ತಂದೆ. ಬೆನ್ನಿಗೆ ನೀಲಿ ಕ್ಯಾಲಿಕೋ, ಮೈಗೆ ಕಂದು ರೆಕ್ಸಿನ್, ಒಳ್ಳೆಯ ಕೆಲಸ. ಮೂರನೇ ವಾರ ಕಪಾಟು ತೆರೆದರೆ ಎರಡೂ ರಟ್ಟು ಬಿಸಿಲಿಗಿಟ್ಟ ಹಪ್ಪಳದ ಹಾಗೆ ಹೊರಕ್ಕೆ ಬಾಗಿದ್ದವು. ಕೈಯಲ್ಲಿ ಒತ್ತಿ ಹಿಡಿದರೆ ಮುಚ್ಚುತ್ತಿತ್ತು, ಬಿಟ್ಟರೆ ಮತ್ತೆ ಬಾಯಿ ತೆರೆಯುತ್ತಿತ್ತು.

ತಪ್ಪು ಬೈಂಡರ್‌ನದಲ್ಲ, ಗಾಳಿಯದು. ನಮ್ಮೂರು ಪುತ್ತೂರಿನ ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 90 ದಾಟುವುದು ಮಾಮೂಲು. ಸೌದಿಯ ಅಲ್-ಕಸೀಮ್ ಪ್ರಾಂತ್ಯದ ಈ ಊರಲ್ಲಿ ಬೇಸಿಗೆಯ ಮಧ್ಯಾಹ್ನ ಅದು 15ಕ್ಕಿಂತ ಕೆಳಗೆ ಇಳಿಯುವುದುಂಟು. ಕಾಗದ, ರಟ್ಟು, ಬಟ್ಟೆ ಎಲ್ಲವೂ ಗಾಳಿಯ ತೇವವನ್ನು ಕುಡಿಯುವ ವಸ್ತುಗಳೇ. ಅಲ್ಲಿ ಹೊಟ್ಟೆ ತುಂಬ ಕುಡಿದು ಬಂದದ್ದನ್ನು ಇಲ್ಲಿ ಕಕ್ಕಿದವು. ಹೊರಮೈ ಒಳಮೈಗಿಂತ ಹೆಚ್ಚು ಕುಗ್ಗಿತು, ರಟ್ಟು ಆ ಕಡೆಗೆ ಬಾಗಿತು. ಆ ಪುಸ್ತಕ ಸರಿಪಡಿಸಲು ಹೋಗಿಯೇ ನಾನು ಮನೆಯಲ್ಲಿ ಬೈಂಡಿಂಗ್ ಕೆಲಸ ಹಿಡಿದದ್ದು. ಕಲಿಸುವ ಪುಸ್ತಕಗಳೆಲ್ಲ ತೇವದಿಂದ ಕಾಪಾಡಿಕೊಳ್ಳುವುದನ್ನು ಹೇಳುತ್ತವೆ. ಇಲ್ಲಿ ಅದನ್ನು ತಿರುಗಿಸಿ ಓದಿಕೊಳ್ಳಬೇಕು. ಉನೈಜಾದಲ್ಲಿ ಮಾತ್ರವಲ್ಲ, ರಿಯಾದ್, ಬುರೈದಾ, ಹಾಯಿಲ್‌ಗಳಲ್ಲಿರುವ ನಮ್ಮವರಿಗೂ ಇದೇ ಲೆಕ್ಕ. ಬೇಸಿಗೆಯ ಬಳ್ಳಾರಿ, ರಾಯಚೂರಿನವರೂ ಅರ್ಧದಷ್ಟನ್ನು ಬಳಸಿಕೊಳ್ಳಬಹುದು.

ಜಾಗ, ಕಾಲ

ಪ್ರತ್ಯೇಕ ಕೋಣೆ ಬೇಡ. ಗಟ್ಟಿಯಾಗಿ ನಿಲ್ಲುವ ಒಂದು ಮೇಜು, ಮೂರು ತಟ್ಟೆಯ ಕಪಾಟು, ನೀರಿನ ನಲ್ಲಿ ಹತ್ತಿರ, ಇಷ್ಟು ಸಾಕು. ಮೇಜು ಎಲ್ಲಿ ಹಾಕುತ್ತೀರಿ ಎನ್ನುವುದರಲ್ಲಿ ಮಾತ್ರ ರಾಜಿ ಬೇಡ. ಎಸಿಯ ಗಾಳಿ ನೇರ ಬೀಳುವ ಕಡೆ ಬೇಡವೇ ಬೇಡ. ಎಸಿ ಇದ್ದಬದ್ದ ತೇವವನ್ನೂ ಹೀರುತ್ತದೆ, ಅದರ ಗಾಳಿ ಅಂಟು ಹಚ್ಚಿದ ಕಾಗದವನ್ನು ಕೈಯಲ್ಲಿರುವಾಗಲೇ ಸುರುಳಿ ಮಾಡುತ್ತದೆ. ನಾನು ಅಂಟಿನ ಕೆಲಸಕ್ಕೆ ಕೂರುವಾಗ ಎಸಿ, ಫ್ಯಾನು ಎರಡನ್ನೂ ಅರ್ಧ ಗಂಟೆ ನಿಲ್ಲಿಸುತ್ತೇನೆ. ಜೂನ್ ತಿಂಗಳಲ್ಲಿ ಅದು ಅರ್ಧ ಗಂಟೆಯ ತಪಸ್ಸೇ ಸರಿ. ಅದಕ್ಕೆಂದೇ ಅಂಟಿನ ಕೆಲಸ ಬೆಳಗ್ಗೆ ಐದೂವರೆಗೆ, ಮಡಚುವ ಹೊಲಿಯುವ ಕೆಲಸ ರಾತ್ರಿಗೆ ಎಂದು ಹಂಚಿಕೊಂಡೆ.

ಗಾಳಿಯ ತೇವ ತೋರಿಸುವ ಚಿಕ್ಕ ಮೀಟರ್ ಒಂದನ್ನು ಗೋಡೆಗೆ ತೂಗುಹಾಕಿ. ಬೆಲೆ ಹೆಚ್ಚಿಲ್ಲ. ಅದು 40ರಿಂದ 55ರ ನಡುವೆ ಇದ್ದರೆ ಪುಸ್ತಕಕ್ಕೆ ಸುಖ. ಕೆಳಗಿಳಿದರೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿಟ್ಟು, ಒದ್ದೆ ಟವೆಲನ್ನು ಅದರ ಮೇಲೆ ಇಳಿಬಿಡಿ. ಅಥವಾ ಒಗೆದ ಬಟ್ಟೆ ಆ ಕೋಣೆಯಲ್ಲೇ ಒಣಹಾಕಿ. ಹೇಗೂ ಒಣಗಬೇಕು. ದೊಡ್ಡ ಕೆಲಸಗಳನ್ನು ನವೆಂಬರ್‌ನಿಂದ ಫೆಬ್ರವರಿಯ ಒಳಗೆ ಮುಗಿಸಿಕೊಳ್ಳುವುದು ಜಾಣತನ. ಆಗ ರಾತ್ರಿ ಚಳಿ ಚೆನ್ನಾಗಿ ಬೀಳುತ್ತದೆ, ಅಪರೂಪಕ್ಕೆ ಮಳೆಯೂ ಬರುತ್ತದೆ, ಕಾಗದ ಹೇಳಿದ ಮಾತು ಕೇಳುತ್ತದೆ. ವಸಂತದ ದೂಳುಗಾಳಿಯ ದಿನ ಅಂಟಿನ ಡಬ್ಬಿ ತೆರೆಯಬೇಡಿ. ಮರಳಿನ ಒಂದೇ ಕಣ ಹೊದಿಕೆಯ ಅಡಿ ಸೇರಿದರೂ ಜೀವನಪೂರ್ತಿ ಗುಳ್ಳೆಯಾಗಿ ಕಾಣುತ್ತದೆ.

ಸಾಮಾನು

ಉಕ್ಕಿನ ಸ್ಕೇಲ್, ಮೂಲೆಮಟ್ಟ, ತುದಿ ಮುರಿದುಕೊಳ್ಳುವ ಕಟರ್, ದಬ್ಬಣ, ಎರಡು ಸೂಜಿ, ಒಂದೂವರೆ ಇಂಚಿನ ಬ್ರಷ್. ಮಡಿಕೆ ತೀಡಲು ಮೂಳೆಯ ಪಟ್ಟಿಯೇ ಬೇಕೆಂದು ಹುಡುಕಬೇಡಿ, ಊಟದ ಚಮಚದ ಬೆನ್ನು ಸಾಕು. ಇವೆಲ್ಲ ಯಾವ ಕುರ್ತಾಸಿಯಾದಲ್ಲೂ, ಎಂದರೆ ನಮ್ಮ ಸ್ಟೇಷನರಿ ಅಂಗಡಿಯಲ್ಲಿ, ಇಲ್ಲವೇ ಎರಡು ರಿಯಾಲಿನ ಅಂಗಡಿಗಳಲ್ಲಿ ಸಿಗುತ್ತವೆ. ದಬ್ಬಣ ಮಾತ್ರ ನಾನು ಊರಿಂದ ತಂದೆ, ಅಕ್ಕಿ ಗೋಣಿ ಹೊಲಿಯುವ ದಬ್ಬಣ. ಅದು ಹಾಳೆಗೆ ದೊಡ್ಡದಾಯಿತು. ಹೊಲಿಗೆ ತೂತು ನೂಲಿಗಿಂತ ಅಗಲವಾದರೆ ಪುಸ್ತಕ ಸಡಿಲ. ಈಗ ಮರದ ಹಿಡಿಗೆ ದಪ್ಪ ಸೂಜಿ ಚುಚ್ಚಿ ನಾನೇ ಮಾಡಿಕೊಂಡಿದ್ದೇನೆ. ಇಲ್ಲಿ ದಬ್ಬಣಕ್ಕೆ ‘ಮಿಖ್‌ರಜ್’ ಎನ್ನುತ್ತಾರೆ, ಚಪ್ಪಲಿ ಹೊಲಿಯುವವರ ಹತ್ತಿರ ಕೇಳಿದರೆ ಎಲ್ಲಿ ಸಿಗುತ್ತದೆಂದು ಹೇಳುತ್ತಾರೆ. ಗಟ್ಟಿ ಲಿನನ್ ನೂಲನ್ನೂ ಅವರೇ ತೋರಿಸಿಕೊಟ್ಟರು. ನೂಲಿಗೆ ಜೇನುಮೇಣ ಸವರಿಕೊಳ್ಳಿ. ಒಣಗಾಳಿಯಲ್ಲಿ ಮೇಣವಿಲ್ಲದ ನೂಲು ಕಾಗದವನ್ನು ಗರಗಸದ ಹಾಗೆ ಕೊಯ್ಯುತ್ತದೆ.

ಪ್ರೆಸ್ ಎಂದರೆ ಹಳೆಯ ಮುದ್ರಣಾಲಯಗಳ ಬೀಡುಕಬ್ಬಿಣದ ಚಕ್ರವೇ ಕಣ್ಣಿಗೆ ಬರುತ್ತದೆ. ಮನೆಗೆ ಅದು ಬೇಡ. 18 ಮಿಲಿಮೀಟರ್ ಪ್ಲೈವುಡ್ಡಿನ ಎರಡು ಹಲಗೆ, ತಲಾ 25 ಸೆಂಟಿಮೀಟರ್ ಅಗಲ, 35 ಉದ್ದ. ಸನಾಯಿಯಾದ, ಅಂದರೆ ಊರ ಹೊರಗಿನ ಕೈಗಾರಿಕಾ ಪ್ರದೇಶದ, ಬಡಗಿಗಳು ನಿಂತ ನಿಲುವಿನಲ್ಲೇ ಕತ್ತರಿಸಿ ಕೊಡುತ್ತಾರೆ. ನಾಲ್ಕು ಸಿ-ಕ್ಲ್ಯಾಂಪ್ ತೆಗೆದುಕೊಂಡರೆ ಪ್ರೆಸ್ ಆಯಿತು. ಅದರ ಮೇಲೆ ಭಾರ ಬೇಕಾದಾಗ ಅಮೃತಶಿಲೆ ಕೊಯ್ಯುವ ಅಂಗಡಿಯ ತುಂಡು ಕಲ್ಲುಗಳಿವೆ. ಒಂದು ತುದಿ ಒರಟಾಗಿದ್ದರೆ ಹಳೆಯ ಪಂಚೆಯಲ್ಲಿ ಸುತ್ತಿಡಿ.

ಅಂಗಡಿಯಲ್ಲಿ ‘ಕರ್ತೂನ್’ ಎಂದರೆ ಖರ್ಜೂರದ ಡಬ್ಬಿಯ ಸುಕ್ಕುರಟ್ಟನ್ನು ಮುಂದಿಡುತ್ತಾರೆ. ಆಗಸ್ಟ್‌ನಲ್ಲಿ ಖರ್ಜೂರದ ಹಂಗಾಮು ಬಂದರೆ ಈ ಊರಲ್ಲಿ ಅದಕ್ಕೇನೂ ಬರವಿಲ್ಲ. ಹೊದಿಕೆಗೆ ಅದರಿಂದ ಪ್ರಯೋಜನವಿಲ್ಲ, ಕತ್ತರಿಸುವಾಗ ಕೆಳಗೆ ಹಾಸಲು ಒಳ್ಳೆಯದು. ನಮಗೆ ಬೇಕಾದದ್ದು ಒತ್ತಿ ಮಾಡಿದ ಬೂದುರಟ್ಟು, 2 ಮಿಲಿಮೀಟರ್ ದಪ್ಪದ್ದು. ‘ವರಖ್ ಮುಕವ್ವಾ’ ಎಂದು ಕೇಳಿ. ಅದನ್ನು ಒಂದೇ ಏಟಿಗೆ ಕತ್ತರಿಸಲು ಹೋದವರ ಎಡಗೈ ಹೆಬ್ಬೆರಳಲ್ಲಿ ಗುರುತು ಉಳಿದಿರುತ್ತದೆ, ನನ್ನದರಲ್ಲೂ ಇದೆ. ಸ್ಕೇಲನ್ನು ಗಟ್ಟಿ ಹಿಡಿದು ಹಗುರವಾಗಿ ಹತ್ತು ಹನ್ನೆರಡು ಸಲ ಎಳೆಯಬೇಕು. ಅಲಗು ಮೊಂಡಾದ ಕೂಡಲೇ ತುದಿ ಮುರಿದು, ಮುರಿದದ್ದನ್ನು ಜಾಮ್ ಬಾಟಲಿಗೆ ಹಾಕಿ ಮುಚ್ಚಿ.

ಹೊಲಿದ ಪುಸ್ತಕದ ಅಂಚನ್ನು ಮನೆಯಲ್ಲಿ ನುಣ್ಣಗೆ ಕತ್ತರಿಸುವುದು ಆಗದ ಮಾತು. ‘ಖದಮಾತ್ ತುಲ್ಲಾಬ್’ ಎಂದು ಬೋರ್ಡ್ ಇರುವ ಜೆರಾಕ್ಸ್ ಅಂಗಡಿಗಳಲ್ಲಿ ಕೆಲವಕ್ಕೆ ಕಟಿಂಗ್ ಮೆಷಿನ್ ಇರುತ್ತದೆ. ಅಲ್ಲಿಗೆ ಒಯ್ಯಿರಿ, ಇಲ್ಲವಾದರೆ ಅಂಚು ಹೇಗಿದೆಯೋ ಹಾಗೇ ಇರಲಿ. ನನಗಂತೂ ಕತ್ತರಿಸದ ಅಂಚೇ ಇಷ್ಟ.

ಅಂಟು

ಊರಿನ ಪ್ರೆಸ್ಸಿನ ಬೈಂಡರ್ ಅಣ್ಣನ ಬೆರಳ ತುದಿಗಳು ಯಾವಾಗಲೂ ತಿಳಿ ಹಸಿರು. ಮೈದಾ ಅಂಟಿಗೆ ಅವರು ಮೈಲುತುತ್ತ ಹಾಕುತ್ತಿದ್ದರು, ಜಿರಲೆ, ಬೆಳ್ಳಿಹುಳು ಮುಟ್ಟದ ಹಾಗೆ. ಮಕ್ಕಳಿರುವ ಮನೆಯಲ್ಲಿ ಆ ವಿಷದ ಸಹವಾಸ ಬೇಡ. ಸ್ವಲ್ಪ ಸ್ವಲ್ಪವೇ ಕಾಯಿಸಿ, ಫ್ರಿಜ್ಜಿನಲ್ಲಿಟ್ಟು, ನಾಲ್ಕೈದು ದಿನದಲ್ಲಿ ಮುಗಿಸುವುದು ಒಳ್ಳೆಯ ಉಪಾಯ. ಡಬ್ಬಿಯ ಮೇಲೆ ಹೆಸರು ಬರೆದಿಡಿ. ನಮ್ಮ ಮನೆಯಲ್ಲಿ ಒಮ್ಮೆ ಅದು ಗೋಬಿ ಮಂಚೂರಿಗೆ ಹೋಗುವುದರಲ್ಲಿತ್ತು.

ಒಂದು ಅಳತೆ ಮೈದಾಕ್ಕೆ ಐದರಿಂದ ಆರು ಅಳತೆ ನೀರು. ಕುಡಿಯುವ ನೀರೇ ಇರಲಿ, ಇಲ್ಲಿನ ನಲ್ಲಿ ನೀರು ಗಡಸು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಅರ್ಧ ಗಂಟೆ ನೆನೆಸಿ. ನಂತರ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಇರಿ. ಬಿಳಿಯ ಬಣ್ಣ ಹೋಗಿ ರಾಗಿ ಸರಿಯ ಹಾಗೆ ಗಟ್ಟಿಯಾಗಿ, ಸೌಟು ಎತ್ತಿದರೆ ಮಣಿಮಣಿಯಾಗಿ ಅಲ್ಲ, ಪಟ್ಟಿಯಾಗಿ ಜಾರಬೇಕು. ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ. ಮೈದಾದ ಬದಲು ಮೆಕ್ಕೆಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್, ಬಳಸಿದರೆ ಹುಳುಗಳಿಗೆ ಆಸೆ ಕಡಿಮೆ, ಅಂಟುವ ಬಲವೂ ಕೊಂಚ ಕಡಿಮೆ.

ಇನ್ನೊಂದು, ಬಿಳಿ ಅಂಟು. ಫೆವಿಕಾಲ್ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ, ಇಲ್ಲಿನ ಮಾತಿನಲ್ಲಿ ‘ಗಿರಾ ಅಬ್ಯದ್’. ಊರಲ್ಲಿ ಅದು ಒಣಗಲು ಹತ್ತು ನಿಮಿಷ ಕೊಡುತ್ತಿತ್ತು. ಇಲ್ಲಿ ಹೊದಿಕೆಯ ಈ ತುದಿಗೆ ಹಚ್ಚಿ ಆ ತುದಿಗೆ ಬರುವಷ್ಟರಲ್ಲಿ ಈ ತುದಿ ಒಣಗಿರುತ್ತದೆ. ನನ್ನ ಮೊದಲ ನಾಲ್ಕು ಹೊದಿಕೆಗಳ ಮೂಲೆ ಎದ್ದದ್ದು ಇದರಿಂದಲೇ. ಪರಿಹಾರ ಸುಲಭ: ಎರಡು ಭಾಗ ಬಿಳಿ ಅಂಟಿಗೆ ಒಂದು ಭಾಗ ಮೈದಾ ಅಂಟು ಬೆರೆಸಿ. ಒಣಗುವುದು ನಿಧಾನವಾಗುತ್ತದೆ, ಬಟ್ಟೆಯನ್ನು ಎತ್ತಿ ಸರಿಸಿ ಕೂರಿಸಲು ಪುರುಸೊತ್ತು ಸಿಗುತ್ತದೆ. ಬೆನ್ನಿಗೆ ಮಾತ್ರ ಬೆರಕೆ ಇಲ್ಲದ ಬಿಳಿ ಅಂಟೇ ಸರಿ. ಅಲ್ಲಿ ಬೇಕಾದದ್ದು ಮಣಿಯುವ ಗುಣ.

ಕಾಗದದ ಎಳೆ

ಹೊಸಬರು ಯಾರೂ ಕೇಳದ, ಆದರೆ ಒಣ ಊರಲ್ಲಿ ಕೆಲಸವನ್ನೇ ಕೆಡಿಸುವ ಸಂಗತಿ ಇದು. ಗಿರಣಿಯಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗುತ್ತವೆ. ಅದೇ ಎಳೆ. ತೇವ ಏರಿಳಿದಾಗ ನಾರು ಉದ್ದಕ್ಕೆ ಹೆಚ್ಚು ಬದಲಾಗುವುದಿಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಪುಸ್ತಕದಲ್ಲಿ ಹಾಳೆ, ರಟ್ಟು, ಬಟ್ಟೆ ಎಲ್ಲದರ ಎಳೆಯೂ ಬೆನ್ನಿಗೆ ಸಮಾನಾಂತರವಾಗಿ ಮೇಲಿಂದ ಕೆಳಗೆ ಓಡಬೇಕು. ಒಂದು ಅಡ್ಡವಾದರೂ ಹೊದಿಕೆ ಸೊಟ್ಟ, ಹಾಳೆ ಅಲೆಅಲೆ.

ಪರೀಕ್ಷೆಗೆ ಹಾಳೆಯನ್ನು ಮಡಚದೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆಗೆ ಸಲೀಸಾಗಿ ಬಾಗುತ್ತದೋ ಆ ಬಾಗಿನ ಗೆರೆಯ ಉದ್ದಕ್ಕೂ ಎಳೆ ಇದೆ. ಅನುಮಾನ ಉಳಿದರೆ ಒಂದು ಚೂರಿನ ಒಂದು ಮೈಗೆ ನೀರು ಸವರಿ. ಎಳೆಯನ್ನೇ ಅಚ್ಚು ಮಾಡಿಕೊಂಡು ಅದು ಕೊಳವೆಯಂತೆ ಸುತ್ತಿಕೊಳ್ಳುತ್ತದೆ.

ಇಲ್ಲೊಂದು ಕೊಕ್ಕೆ ಇದೆ. ಅಂಗಡಿಯ ಎ4 ಕಾಗದದ ಎಳೆ ಸಾಮಾನ್ಯವಾಗಿ ಉದ್ದಕ್ಕೆ ಇರುತ್ತದೆ. ಅದನ್ನು ನಡುವೆ ಮಡಚಿ ಎ5 ಪುಸ್ತಕ ಮಾಡಿದಿರೋ, ಎಳೆ ಬೆನ್ನಿಗೆ ಅಡ್ಡ ಬಿತ್ತು. ಬದಲಿಗೆ ಉದ್ದ ಎಳೆಯ ಎ3 ಹಾಳೆ ಕೊಂಡು, 420 ಮಿಲಿಮೀಟರ್ ಉದ್ದವನ್ನು 210ಕ್ಕೆ ಸರಿಯಾಗಿ ಎರಡು ಮಾಡಿ. ಸಿಗುವ ಎ4 ತುಂಡುಗಳನ್ನು ಮಡಚಿದರೆ ಎಳೆ ಬೆನ್ನಿನ ಜೊತೆಗೇ ಓಡುತ್ತದೆ. ಇದೊಂದು ಗೊತ್ತಾದ ದಿನ ನನ್ನ ಅರ್ಧ ತಾಪತ್ರಯ ಮುಗಿಯಿತು.

ಮೊದಲ ಕೆಲಸಕ್ಕೆ ಕಡತ

ಹೊಲಿಗೆಗೆ ಕೈ ಹಾಕುವ ಮೊದಲು ಒಂದು ಕಡತ ಮಾಡಿ. ಈಗ ಆಫೀಸಿನ ಫೈಲಿಗೆ ಆ ಹೆಸರು ಉಳಿದಿದೆ, ಆದರೆ ಅಸಲಿ ಕಡತ ನಮ್ಮ ನಾಡಿನ ಹಳೆಯ ಪುಸ್ತಕದ ಬಗೆ. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಒಣಗಿಸಿ, ಹಿಂದೆ ಮುಂದೆ ಮಡಚಿ, ಬಳಪದಲ್ಲಿ ಬರೆಯುತ್ತಿದ್ದರು. ಎರಡೂ ತುದಿಗೆ ಹಲಗೆ. ವ್ಯಾಪಾರಿಗಳ ಲೆಕ್ಕ, ಮಠಗಳ ದಾಖಲೆ ಹಾಗೆಯೇ ಉಳಿದು ಬಂದವು, ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ಆಕರವಾಗಿವೆ. ನೀವು ಬಟ್ಟೆಯ ಬದಲು ದಪ್ಪ ಕಾಗದದ ಪಟ್ಟಿ ತೆಗೆದುಕೊಳ್ಳಿ, ಸಮನಾಗಿ ಮಡಚಿ, ತುದಿಗಳಿಗೆ ಬಟ್ಟೆ ಹೊದೆಸಿದ ರಟ್ಟು ಅಂಟಿಸಿ. ನೂಲು ಬೇಡ, ಸೂಜಿ ಬೇಡ. ಮಡಿಕೆ ಕರಾರುವಾಕ್ಕಾಗಿ ಬರುವುದು, ಅಂಟು ತೆಳ್ಳಗೆ ಹಚ್ಚುವುದು ಎರಡೂ ಇದರಲ್ಲೇ ಕೈಗೆ ಹತ್ತುತ್ತವೆ. ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಕಟ್ಟಿಬಿದ್ದ ಮಕ್ಕಳಿಗೂ ಇದು ಒಳ್ಳೆಯ ಕೆಲಸ.

ಹೊಲಿಗೆ, ಹೊದಿಕೆ

ನಾಲ್ಕು ಹಾಳೆಗಳನ್ನು ಒಟ್ಟಿಗೆ ಮಡಚಿದರೆ 16 ಪುಟದ ಒಂದು ಫಾರಂ. 12 ಫಾರಂ ಆದರೆ 192 ಪುಟ, ಮೊದಲ ಪುಸ್ತಕಕ್ಕೆ ಹೇಳಿ ಮಾಡಿಸಿದ್ದು. ಬೆನ್ನ ಮಡಿಕೆಯಲ್ಲಿ ಆರು ತೂತು: ತುದಿಗಳಿಂದ 15 ಮಿಲಿಮೀಟರ್ ಬಿಟ್ಟು ಒಂದೊಂದು, ನಡುವೆ ಎರಡು ಜೊತೆ. ಪ್ರತಿ ಜೊತೆಯ ಎರಡು ತೂತುಗಳ ನಡುವೆ ಒಂದು ಬಟ್ಟೆಯ ಪಟ್ಟಿ ಕೂರುತ್ತದೆ. ಪಟ್ಟಿಗೆ ನಾನು ಹಳೆ ಪಂಚೆಯ ಅಂಚನ್ನು ಕೊಯ್ದು ಬಳಸುತ್ತೇನೆ, ನೇಯ್ಗೆ ಬಿಗಿಯಾಗಿರುತ್ತದೆ. ನೂಲು ಒಳಗಿಂದ ಹೊರಬಂದು ಪಟ್ಟಿಯನ್ನು ಬಳಸಿ ಮತ್ತೆ ಒಳಹೋಗಬೇಕು. ಫಾರಂನ ಕೊನೆಗೆ ಬಂದಾಗ ಸೂಜಿಯನ್ನು ಕೆಳಗಿನ ಫಾರಂನ ಹೊಲಿಗೆಯ ಅಡಿಯಿಂದ ತೂರಿಸಿ, ಕುಣಿಕೆಯ ಒಳಗಿಂದ ಎಳೆದು ಬಿಗಿಯಿರಿ. ಬಿಗಿಯುವಾಗ ನೂಲನ್ನು ಯಾವಾಗಲೂ ಬೆನ್ನಿನ ಉದ್ದಕ್ಕೆ ಎಳೆಯಬೇಕು. ನಿಮ್ಮ ಕಡೆಗೆ ಎಳೆದರೆ ಒಣಗಿದ ಕಾಗದ ತೂತಿನಿಂದ ಅಂಚಿನವರೆಗೆ ಸೀಳುತ್ತದೆ, ಶಬ್ದ ಕೂಡ ಕೇಳಿಸುತ್ತದೆ.

ಬೆನ್ನಿಗೆ ಬಿಳಿ ಅಂಟು ಹಚ್ಚಿ, ಅದರ ಮೇಲೆ ಜಾಳು ಬಟ್ಟೆ. ಬೈಂಡರ್‌ಗಳು ಬಳಸುವ ಬಟ್ಟೆ ಇಲ್ಲಿ ನನಗೆ ಸಿಗಲಿಲ್ಲ. ಔಷಧಿ ಅಂಗಡಿಯ ಗಾಯಕ್ಕೆ ಸುತ್ತುವ ‘ಶಾಶ್’ ತಂದು, ಗಂಜಿ ಹಾಕಿ, ಇಸ್ತ್ರಿ ಮಾಡಿದೆ. ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎ5 ಪುಸ್ತಕಕ್ಕೆ ರಟ್ಟು 216 ಮಿಲಿಮೀಟರ್ ಎತ್ತರ, 146 ಅಗಲ. ಮೂರು ಕಡೆ 3 ಮಿಲಿಮೀಟರ್ ಹೊರಗೆ ಚಾಚಿ ಹಾಳೆಯನ್ನು ಕಾಯುತ್ತದೆ. ಬೆನ್ನಪಟ್ಟಿಗೂ ರಟ್ಟಿಗೂ ನಡುವೆ 7 ಮಿಲಿಮೀಟರ್ ತೆರವು, ಹೊದಿಕೆ ಮಡಚುವುದು ಅಲ್ಲಿಯೇ. ಹೊದಿಕೆ ಬಟ್ಟೆ ಸುತ್ತಲೂ 20 ಮಿಲಿಮೀಟರ್ ಹೆಚ್ಚಿರಲಿ. ಮೂಲೆಯನ್ನು ಓರೆಯಾಗಿ ಕತ್ತರಿಸುವಾಗ ರಟ್ಟಿನ ತುದಿಯಿಂದ 3 ಮಿಲಿಮೀಟರ್ ಬಿಡದಿದ್ದರೆ ಬೂದುಬಣ್ಣ ಇಣುಕುತ್ತದೆ.

ಹಪ್ಪಳದ ಕಾಟಕ್ಕೆ ಮದ್ದು ಇರುವುದು ಈ ಹಂತದಲ್ಲೇ. ಹೊರಗೆ ಬಟ್ಟೆ ಅಂಟಿಸಿದ ರಟ್ಟನ್ನು ಹಾಗೇ ಬಿಟ್ಟರೆ ಬಾಗಿಯೇ ಬಾಗುತ್ತದೆ. ಅದೇ ದಿನ ಒಳಮೈಗೆ ಅದೇ ಎಳೆಯ ಕಾಗದವೊಂದನ್ನು ಅಂಟಿಸಿ ಸಮ ಮಾಡಿಕೊಳ್ಳಿ. ಪುಸ್ತಕ ಕೂರಿಸುವುದು ನಂತರದ ಮಾತು. ರಟ್ಟನ್ನೂ ಬಟ್ಟೆಯನ್ನೂ ಕೊಂಡ ಕೂಡಲೇ ಬಳಸದೆ ಒಂದು ವಾರ ನಿಮ್ಮ ಕೋಣೆಯ ಗಾಳಿಯಲ್ಲಿ ಬಿಡಿ. ಪುಸ್ತಕ ಕೂರಿಸಿ ಪ್ರೆಸ್ಸಿನಲ್ಲಿಟ್ಟಾಗ ಎರಡೂ ಒಳಮೈಗೆ ಒತ್ತುಕಾಗದ ಸೇರಿಸಿ, ಒಂದು ಗಂಟೆಗೊಮ್ಮೆ ಎರಡು ಸಲ ಬದಲಿಸಿ, ಆಮೇಲೆ ಎರಡು ರಾತ್ರಿ ಮುಟ್ಟಬೇಡಿ. ಇಲ್ಲಿ ಮೇಲ್ಮೈ ಬೇಗ ಒಣಗುತ್ತದೆ, ಒಳಗಿನ ತೇವ ಅಷ್ಟು ಬೇಗ ಹೋಗುವುದಿಲ್ಲ. ಅದೇ ಮೋಸ.

ಮಕ್ಕಳ ಪಠ್ಯಪುಸ್ತಕ, ಖಾಲಾಳ ಲೆಕ್ಕದ ಪುಸ್ತಕ

ಮನೆಯ ಬೈಂಡಿಂಗ್ ಮೇಜಿಗೆ ಬರುವ ನಿಜವಾದ ಗಿರಾಕಿ ಮಕ್ಕಳ ಪಠ್ಯಪುಸ್ತಕಗಳೇ. ಬೆನ್ನಿಗೆ ಬಿಸಿ ಅಂಟು ಹಾಕಿ ಮಾಡಿದ ಈ ಪುಸ್ತಕಗಳು ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮೆತ್ತಗಾಗುತ್ತವೆ, ಚಳಿಯಲ್ಲಿ ಬಿರಿಯುತ್ತವೆ. ದುರಸ್ತಿ ಹೀಗೆ: ಹಳೆ ಅಂಟನ್ನು ಕಿತ್ತು, ಹಾಳೆಗಳನ್ನು ಬಡಿದು ಸಮಮಾಡಿ, ಬೆನ್ನು ಹೊರಗಿರುವಂತೆ ಹಲಗೆಗಳ ನಡುವೆ ಬಿಗಿಯಿರಿ. ಬೆನ್ನನ್ನು ಬೀಸಣಿಗೆಯಂತೆ ಒಂದು ಬದಿಗೆ ಬಾಗಿಸಿ ಬಿಳಿ ಅಂಟು, ಇನ್ನೊಂದು ಬದಿಗೆ ಬಾಗಿಸಿ ಮತ್ತೆ ಅಂಟು. ಪ್ರತಿ ಹಾಳೆಯ ಅಂಚಿಗೂ ಕೂದಲೆಳೆಯಷ್ಟು ಅಂಟು ಸಿಗುತ್ತದೆ. ಮೇಲೆ ಗಂಜಿ ಹಾಕಿದ ಶಾಶ್. ಇಪ್ಪತ್ತು ನಿಮಿಷದ ಕೆಲಸ, ವರ್ಷವಿಡೀ ಬಾಳುತ್ತದೆ.

ಪಕ್ಕದ ಮನೆಯ ಖಾಲಾ, ಅಂದರೆ ಚಿಕ್ಕಮ್ಮ, ತಮ್ಮ ತಂದೆಯ ಖರ್ಜೂರದ ತೋಟದ ಲೆಕ್ಕದ ಪುಸ್ತಕ ತಂದುಕೊಟ್ಟಾಗ ನನಗೆ ಹೆಮ್ಮೆ. ಒಳ್ಳೆಯ ಕಂದು ಬಟ್ಟೆ, ಮುಂಭಾಗಕ್ಕೆ ಚಂದದ ಚೀಟಿ. ತೆಗೆದುಕೊಂಡು ಹೋಗಿ ಕೊಟ್ಟರೆ ಅವರು ನಗತೊಡಗಿದರು. “ಇದು ಹಿಂದೀ ಆಯ್ತಲ್ಲ!” ಎಂದರು. ಅರಬಿಯಲ್ಲಿ ‘ಹಿಂದೀ’ ಎಂದರೆ ಭಾರತದ್ದು. ಅರಬಿ ಪುಸ್ತಕದ ಬೆನ್ನು ಬಲಕ್ಕೆ ಬರುತ್ತದೆ. ನಾನು ಚೀಟಿ ಹಚ್ಚಿದ್ದು ಅವರ ಲೆಕ್ಕದಲ್ಲಿ ಕೊನೆಯ ರಟ್ಟಿಗೆ. ಅಂದಿನಿಂದ ಅರಬಿ ಪುಸ್ತಕ ಕೈಗೆ ಬಂದರೆ ಮೊದಲು ಮುಂದಿನ ರಟ್ಟಿಗೆ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ.

ಅರಬರ ಹಳೆಯ ಕಟ್ಟುವಿಕೆಯೇ ಬೇರೆ ಬಗೆ. ರಟ್ಟು ಹಾಳೆಯ ಅಂಚಿಗೆ ಸಮ, ಹೊರಗೆ ಚಾಚುವುದಿಲ್ಲ. ಹಿಂದಿನ ರಟ್ಟಿನಿಂದ ಒಂದು ನಾಲಿಗೆ ಹೊರಟು, ಎದುರಂಚನ್ನು ಮುಚ್ಚಿ, ಮುಂದಿನ ರಟ್ಟಿನ ಅಡಿಗೆ ಸೇರುತ್ತದೆ. ಅದನ್ನು ‘ಲಿಸಾನ್’, ನಾಲಿಗೆ ಎಂದೇ ಕರೆಯುತ್ತಾರೆ. ದೂಳಿನ ಊರಿಗೆ ಇದಕ್ಕಿಂತ ಹೊಂದುವುದು ಇನ್ನೇನಿದೆ? ಉತ್ತರ ಆಫ್ರಿಕಾದ ದೊರೆ ಅಲ್-ಮುಇಜ್ ಇಬ್ನ್ ಬಾದೀಸ್ ಹೆಸರಿನಲ್ಲಿರುವ 11ನೇ ಶತಮಾನದ ‘ಉಮ್ದತುಲ್ ಕುತ್ತಾಬ್’ ಗ್ರಂಥದಲ್ಲಿ ಶಾಯಿ, ಲೇಖನಿಗಳ ಜೊತೆಗೆ ರಟ್ಟು ಕಟ್ಟುವ ಕೆಲಸಕ್ಕೂ ಒಂದು ಅಧ್ಯಾಯವಿದೆ. ಅರಬಿಯಲ್ಲಿ ಬೈಂಡಿಂಗ್‌ಗೆ ‘ತಜ್ಲೀದ್’ ಎನ್ನುತ್ತಾರೆ, ಚರ್ಮ ಎಂಬ ಅರ್ಥದ ‘ಜಿಲ್ದ್’ನಿಂದ ಬಂದ ಮಾತು. ಊರಲ್ಲಿ ಉರ್ದು ಮಾತಾಡುವವರು ‘ಜಿಲ್ದ್’ ಎನ್ನುವುದೂ ಅದನ್ನೇ. ಆದರೆ ಹೊಸಬರು ಚರ್ಮಕ್ಕೆ ಆಸೆಪಡಬೇಡಿ. ತೆಳ್ಳಗೆ ಹೆರೆಯುವುದಕ್ಕೇ ವರ್ಷ ಬೇಕು, ಒಣಗಾಳಿಗೆ ಮಡಿಕೆಯಲ್ಲಿ ಬಿರುಕೂ ಬೇಗ.

ಖಾಲಾ ದುಡ್ಡು ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಇದು ದೊಡ್ಡಸ್ತಿಕೆಯ ಮಾತಲ್ಲ. ಅವಲಂಬಿತರ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಬಂದವರು ಇಲ್ಲಿ ಮನೆಯಿಂದ ವ್ಯಾಪಾರ ನಡೆಸುವಂತಿಲ್ಲ. ಸ್ಥಳೀಯರ ಹೆಸರಿನಲ್ಲಿ ಪರದೇಶದವರು ವ್ಯಾಪಾರ ಮಾಡುವುದರ ವಿರುದ್ಧ 2020ರಲ್ಲಿ ಬಂದ ಹೊಸ ಕಾನೂನು ಬಹಳ ಬಿಗಿಯಾಗಿದೆ. ಹವ್ಯಾಸವನ್ನು ಹವ್ಯಾಸವಾಗಿಯೇ ಇಟ್ಟುಕೊಳ್ಳಿ, ಬೋರ್ಡು, ದರಪಟ್ಟಿ, ವಾಟ್ಸಾಪ್ ಜಾಹೀರಾತು ಯಾವುದೂ ಬೇಡ. ಮಾರನೆಯ ದಿನ ಖಾಲಾ ಒಂದು ಡಬ್ಬಿ ಸುಕ್ಕರಿ ಖರ್ಜೂರ ಕಳಿಸಿದರು. ಅದನ್ನು ಬೇಡವೆನ್ನುವ ಕಾನೂನು ಇಲ್ಲ.

ರಜೆಗೆ ಊರಿಗೆ ಪುಸ್ತಕ ಒಯ್ಯುವವರಿಗೆ ಒಂದು ಮಾತು ಬಾಕಿ ಇದೆ. ಇಲ್ಲಿ ಕಟ್ಟಿದ್ದನ್ನು ಜುಲೈ ಮಳೆಗೆ ಒಮ್ಮೆಲೇ ತೆರೆಯಬೇಡಿ. ಹತ್ತಿಬಟ್ಟೆಯಲ್ಲಿ ಸುತ್ತಿ, ಮೇಲೊಂದು ಭಾರ ಹೇರಿ, ಎರಡು ವಾರ ಹಾಗೇ ಇಡಿ. ನಾನಿದನ್ನು ತಿಳಿದದ್ದು ತಡವಾಗಿ. ಅಮ್ಮನ ಅಡುಗೆ ಬರಹವನ್ನು ಹೊಸದಾಗಿ ಹೊಲಿದು, ಹೊಸ ರಟ್ಟು ಹಾಕಿ, ಕಳೆದ ಆಟಿಗೆ ಊರಿಗೆ ಹೋಗುವವರೊಬ್ಬರ ಕೈಯಲ್ಲಿ ಕಳಿಸಿದ್ದೆ. ಹತ್ತು ದಿನ ಬಿಟ್ಟು ಅಮ್ಮನ ಫೋನ್.

“ಎಂತ ಪುಸ್ತಕ ಮಾರಾಯ್ತಿ ಇದು, ಮುಚ್ಚಿದರೆ ಮುಚ್ಚುವುದಿಲ್ಲ.”

“ಈಗ ಎಂತ ಮಾಡಿದಿ ಅದನ್ನು?”

“ಮಣೆಯ ಅಡಿಗೆ ಇಟ್ಟಿದ್ದೇನೆ. ಮಣೆಯ ಮೇಲೆ ಉಪ್ಪಿನಕಾಯಿ ಭರಣಿ.”